ಕಲಾವತಿಯ ಸಿಟ್ಟಿನ ಭಾನುವಾರಗಳು

ಕಲಾವತಿ ನಮ್ಮ ಕಚೇರಿಗೆ ವರ್ಗವಾಗಿ ಬಂದ ಮೊದಲ ವಾರದಲ್ಲೇ ಒಬ್ಬನ ಮೇಲೆ ಸಿಟ್ಟು ಮಾಡಿಕೊಂಡರು. ಕ್ಯಾಂಟೀನಿನವನು ಚಹಾದ ಲೋಟವನ್ನು ಅವರ ಮುಂದೆ ಕುಕ್ಕಿ ಇಟ್ಟು, ಚಿಲ್ಲರೆ ಇಲ್ಲವೆಂದು ಗೊಣಗಿದ. ಮಾರನೆಯ ದಿನ ಅವರು ಮನೆಯಿಂದ ಫ್ಲಾಸ್ಕ್ ತಂದರು. ಆಮೇಲೆ ನನಗೂ ಚಹಾ ತಂದರು, ಎದುರು ಸಾಲಿನವರಿಗೂ ತಂದರು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಹಡಿಯ ಅರ್ಧ ಜನ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟಿದ್ದರು. ಆತ ಬಂದು ಕೈಮುಗಿದ. ಕಲಾವತಿ ಅವನಿಗೂ ಒಂದು ಲೋಟ ಚಹಾ ಬಗ್ಗಿಸಿಕೊಟ್ಟರು, ಆದರೆ ಅವನ ಕೈಯ ಚಹಾ ಮಾತ್ರ ಮತ್ತೆ ಕುಡಿಯಲಿಲ್ಲ.

ಅವರು ಇಂಡಿ ತಾಲ್ಲೂಕಿನವರು. ಕೇಂದ್ರ ಸರ್ಕಾರದ ನೌಕರಿ ಅವರನ್ನು ಸೋಲಾಪುರ, ಹೈದರಾಬಾದ್ ಸುತ್ತಿಸಿ ನಾಗಪುರಕ್ಕೆ ತಂದು ಹಾಕಿತ್ತು. ಗಂಡ ಕಾಶೀನಾಥರಿಗೆ ಮೌದಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ಅಲ್ಲೇ ಉಳಿದು ರಜೆ ಸಿಕ್ಕಾಗ ಮನೆಗೆ ಬರುತ್ತಿದ್ದರು. ನಾನು ಮೈಸೂರಿನವಳು, ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಕಚೇರಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆದ್ದರಿಂದ ಜೊತೆಯಾಯಿತು. ಅವರ ಕನ್ನಡ ನನ್ನ ಕಿವಿಗೆ ಮೊದಮೊದಲು ಜಗಳದ ಹಾಗೆ ಕೇಳುತ್ತಿತ್ತು. ಸ್ವಲ್ಪ ದಿನದ ಮೇಲೆ ಅದು ಬಹಳ ಸಲ ಜಗಳವೇ ಎಂದು ಗೊತ್ತಾಯಿತು.

ಅವರ ಒಬ್ಬನೇ ಮಗ ಸಮರ್ಥ್. ಕೊರೊನಾ ಕಾಲದಲ್ಲಿ ಪಿಯುಸಿಯ ಎರಡು ವರ್ಷಗಳನ್ನು ಮೊಬೈಲ್ ಪರದೆಯ ಮುಂದೆ ಕೂತು ಮುಗಿಸಿದ ಹುಡುಗ. ನಾಗಪುರಕ್ಕೆ ಬಂದು ಊರ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜು ಸೇರಿದ. ಮನೆಯಲ್ಲಿ ಕನ್ನಡ, ಹೊರಗೆ ಅಳುಕುತ್ತ ಹಿಂದಿ, ಮರಾಠಿ ಅಷ್ಟಕ್ಕಷ್ಟೇ. ಅವನು ನಮ್ಮ ಮನೆಗೆ ಬಂದರೆ ಸೋಫಾದ ತುದಿಯಲ್ಲಿ, ಯಾರೋ ಇನ್ನೊಬ್ಬರು ಬಂದು ಕೂರಬೇಕಿದೆ ಎನ್ನುವಂತೆ ಜಾಗ ಬಿಟ್ಟು ಕೂರುತ್ತಿದ್ದ.

ಒಂದು ದಿನ ಅವನು ಗುರುತಿನ ಚೀಟಿ ಮನೆಯಲ್ಲೇ ಮರೆತಿದ್ದನೆಂದು ಕಲಾವತಿ ರಜೆ ಹಾಕಿ ಕಾಲೇಜಿಗೆ ಹೋದರು. ಊಟದ ಹೊತ್ತು. ಕ್ಯಾಂಟೀನಿನಲ್ಲಿ ಹುಡುಕಿದರು, ಮರದ ಕಟ್ಟೆಯ ಮೇಲೆ ಕೂತ ಗುಂಪುಗಳಲ್ಲಿ ಹುಡುಕಿದರು. ಕೊನೆಗೆ ಅವನು ಸಿಕ್ಕಿದ್ದು ದ್ವಿಚಕ್ರ ವಾಹನಗಳನ್ನು ನಿಲ್ಲಿಸುವ ಶೆಡ್ಡಿನಲ್ಲಿ. ಸ್ಕೂಟರಿನ ಮೇಲೆ ಅಡ್ಡ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಅದರೊಳಗೆ ಡಬ್ಬಿ ಇಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದ. ತಾಯಿಯನ್ನು ಕಂಡದ್ದೇ ಡಬ್ಬಿಯ ಮುಚ್ಚಳ ಹಾಕಿದ.

ಸಂಜೆ ಕೇಳಿದರಂತೆ. "ಗೆಳ್ಯಾರ ಇಲ್ಲೇನೋ ನಿನಗ?"

"ಅದಾರ."

"ಒಬ್ಬನ ಹೆಸರ ಹೇಳ."

ಅವನು ಶೆಡ್ಡಿನ ಕಾವಲುಗಾರನ ಹೆಸರು ಹೇಳಿದ.

ಆ ವಾರವೇ ಮೆಟ್ರೋ ನಿಲ್ದಾಣದಲ್ಲಿ ಕಲಾವತಿಯ ಕಣ್ಣಿಗೆ ಒಂದು ಜಾಹೀರಾತು ಬಿತ್ತು. 'ಖುಲೇ ಮನ್', ಎಂದರೆ ತೆರೆದ ಮನಸ್ಸು, ಎಂಬ ಸಂಸ್ಥೆ. ಯುವಕ ಯುವತಿಯರ ಒಂಟಿತನ ಬಿಡಿಸುವ ಮೂರು ದಿನದ ಶಿಬಿರ, ಗೆಳೆಯರನ್ನು ಗಳಿಸುವ ಕಲೆ. ನಡೆಸುವವನ ಹೆಸರು ಪ್ರೀತಮ್. ಬಿಳಿ ಅಂಗಿ, ಕುತ್ತಿಗೆಗೆ ಮಣಿಸರ, ಬಾಯ್ತುಂಬ ನಗು. ಸಮರ್ಥ್ ಬೇಡ ಬೇಡವೆಂದ. ಕಲಾವತಿ ಬಿಡಲಿಲ್ಲ, ತಾವೇ ಧರಮಪೇಠದಲ್ಲಿ ಶಿಬಿರ ನಡೆಯುವ ಹಾಲ್‌ಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಮೂರನೆಯ ದಿನ ಅಲ್ಲಿ ನಡೆದದ್ದು ಇಷ್ಟು. ಒಬ್ಬೊಬ್ಬರನ್ನೇ ಒಂದು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮುಖದ ಮೇಲೆ ದೀಪ ಬಿಟ್ಟು, "ನಿನ್ನ ನೋವು ಹೇಳು" ಎನ್ನುತ್ತಿದ್ದರು. ಸುತ್ತ ನಿಂತವರು ಅವನಲ್ಲಿ ತಮಗೆ ಹಿಡಿಸದ್ದನ್ನು ಮುಖದ ಮೇಲೆ ಕೂಗಿ ಹೇಳಬೇಕು. ಚಿಪ್ಪು ಒಡೆಯಬೇಕಾದರೆ ಏಟು ಬೀಳಬೇಕು ಎಂಬುದು ಪ್ರೀತಮ್‌ನ ಸಿದ್ಧಾಂತ. ಸಮರ್ಥ್‌ನನ್ನು ಹುಡುಗರು "ಮೂಗ", "ಅಮ್ಮನ ಬಾಲ" ಎಂದು ಕೂಗಿದರು. ಅವನು ಅತ್ತ. ಅಳುತ್ತಲೇ ಹಿಂದಿಯಲ್ಲಿ ಹೇಳಿದ, "ಈ ಊರಿನಲ್ಲಿ ನನಗೆ ಒಬ್ಬನೂ ಗೆಳೆಯನಿಲ್ಲ. ನಾನು ಕಾಲೇಜಿಗೆ ಹೋಗದಿದ್ದರೆ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಾಗುತ್ತದೆ."

ಎಲ್ಲವನ್ನೂ ಚಿತ್ರೀಕರಿಸಿದ್ದರು. ಹಿಂದೆ ಪಿಟೀಲಿನ ದನಿ ಸೇರಿಸಿ ಪ್ರೀತಮ್ ಅದನ್ನು ಊರಿಗೆಲ್ಲ ಹಂಚಿದ. ಅದು ಓಡಿತು. ಲಕ್ಷಾಂತರ ಜನ ನೋಡಿದರು. ಸೋಮವಾರ ಸಮರ್ಥ್ ತರಗತಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಯಾರೋ ಅದೇ ಪಿಟೀಲಿನ ರಾಗ ಬಾಯಲ್ಲಿ ಹಾಡಿದರು. ಹಾಜರಿ ಕರೆಯುವಾಗ ಅವನ ಹೆಸರಿಗೆ ಇಡೀ ತರಗತಿ "ಹಾಜರ್" ಎಂದು ಕೂಗಿತು. ಅವನ ಅಳುವ ಮುಖ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸ್ಟಿಕ್ಕರ್ ಆಗಿ ತಿರುಗಾಡತೊಡಗಿತು. ಗುರುವಾರದಿಂದ ಅವನು ಕಾಲೇಜಿಗೆ ಹೋಗಲಿಲ್ಲ, ಕೋಣೆಯ ಬಾಗಿಲು ತೆರೆಯಲಿಲ್ಲ. ತಟ್ಟೆಯನ್ನು ಬಾಗಿಲ ಹೊರಗೆ ಇಡಬೇಕಾಗಿತ್ತು.

ಕಲಾವತಿ ಧರಮಪೇಠಕ್ಕೆ ಹೋದರು. ನಾನೂ ಜೊತೆಗಿದ್ದೆ. ಪ್ರೀತಮ್ ನಮ್ಮನ್ನು ಬಹಳ ಮರ್ಯಾದೆಯಿಂದ ಕೂರಿಸಿದ, ಚಿಕ್ಕಮ್ಮನನ್ನು ಕರೆಯುವ ಹಾಗೆ "ಕಾಕೂ" ಎಂದು ಕರೆದ.

"ಆ ವಿಡಿಯೋ ತಗೀರಿ," ಎಂದರು ಕಲಾವತಿ, ಸೋಲಾಪುರದಲ್ಲಿ ಕಲಿತ ಮರಾಠಿಯಲ್ಲಿ.

"ಕಾಕೂ, ಅದನ್ನು ನೋಡಿ ಎಷ್ಟು ಮಕ್ಕಳು ಅತ್ತಿದ್ದಾರೆ ಗೊತ್ತಾ? ನಿಮ್ಮ ಮಗ ಅವರ ಪಾಲಿಗೆ ಹೀರೋ."

"ಹೀರೋ ನಮ್ಮ ಮನಿಯೊಳಗ ಬಾಗಲಾ ಹಾಕ್ಕೊಂಡ ಕುಂತಾನ. ನೀವು ತಗೀರಿ."

"ನೋವಿಲ್ಲದೆ ಯಾವ ಗಾಯವೂ ವಾಸಿಯಾಗಲ್ಲ. ಸೇರುವಾಗ ಅವನೇ ಸಹಿ ಹಾಕಿದ್ದಾನೆ." ಅವನು ಮುಂದಕ್ಕೆ ಬಾಗಿ, ತುಂಬ ಮೃದುವಾದ ದನಿಯಲ್ಲಿ ಹೇಳಿದ, "ತಪ್ಪು ತಿಳೀಬೇಡಿ. ಅವನ ಕಾಯಿಲೆಯ ಮೂಲ ಆ ಕುರ್ಚಿಯ ಮೇಲೆ ಕೂತಿದೆ."

ಕಲಾವತಿ ತಾವು ಕೂತ ಕುರ್ಚಿಯನ್ನೊಮ್ಮೆ ನೋಡಿಕೊಂಡು ಎದ್ದರು. ಎರಡು ದಿನ ಕಳೆದ ಮೇಲೆ ಪ್ರೀತಮ್‌ನ ಹೊಸ ವಿಡಿಯೋ ಬಂತು. ಮಕ್ಕಳ ರೆಕ್ಕೆ ಕತ್ತರಿಸುವ ತಾಯಂದಿರ ಬಗ್ಗೆ. ಅದರಲ್ಲಿ ಒಬ್ಬ 'ಕಾಕೂ'ವಿನ ಕಥೆ ಹೇಳುತ್ತ ಅವನು ಕಲಾವತಿಯ ಮರಾಠಿಯನ್ನು, ಅದೇ ಎಳೆತ ಅದೇ ಒತ್ತಿನೊಂದಿಗೆ, ಆಡಿ ತೋರಿಸಿದ. ಕೇಳಿದವರು ನಕ್ಕ ಸದ್ದೂ ಇತ್ತು.

ಊಟದ ಬಿಡುವಿನಲ್ಲಿ ಅದನ್ನು ಅವರು ಪೂರ್ತಿ ನೋಡಿದರು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ನನ್ನ ಮಾತ ಆಡಿ ತೋರಿಸ್ಲಿ ಮೃದುಲಾ, ಅದರ ಚಿಂತಿ ನನಗಿಲ್ಲ. ನನ್ನ ಮಗಾ ಖೋಲಿಯೊಳಗ ಸಾಯಾಕತ್ತಾನ. ಇಂವ ನಗಕೋತ ತಿರಗಾಡಾಕತ್ತಾನ. ಇಂವನ ನಗಿ ನಾ ಕಸಗೋತೀನಿ."

"ಬಿಡಿ ಕಲಾವತಿ, ಮೊದಲು ಮಗನ್ನ ನೋಡಿಕೊಳ್ಳಿ," ಎಂದೆ.

"ಎರಡೂ ಒಂದ ಕೆಲಸ," ಎಂದರು.

ಪೊಲೀಸ್ ಠಾಣೆಯಲ್ಲಿ ಒಬ್ಬ ಹಿರಿಯ ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, ಸಹಿ ಇರುವುದರಿಂದ ಕಷ್ಟ, ಒಬ್ಬರ ದೂರಿಗಿಂತ ಇನ್ನೂ ನಾಲ್ಕು ಜನ ಜೊತೆಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದರು. ರಜೆಗೆ ಬಂದ ಕಾಶೀನಾಥರು, "ಕೆಸರಿನ್ಯಾಗ ಕಲ್ಲ ಒಗದ್ರ ನಮ್ಮ ಮ್ಯಾಲ ಸಿಡೀತೈತಿ, ಸುಮ್ಮನ ಇರು," ಎಂದರು. ಕಲಾವತಿ ಗಂಡನಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಹೋದರಂತೆ. ಆ ರಜೆ ಮುಗಿಯುವವರೆಗೂ ಕಾಶೀನಾಥರು ತಾವೇ ಬಡಿಸಿಕೊಂಡು ಉಂಡರು.

ಅಧಿಕಾರಿ ಹೇಳಿದ ಒಂದು ಮಾತು ಮಾತ್ರ ಕಲಾವತಿಯ ತಲೆಯಲ್ಲಿ ಉಳಿಯಿತು. ಇನ್ನೂ ನಾಲ್ಕು ಜನ. ಪ್ರೀತಮ್‌ನ ಹಳೆಯ ವಿಡಿಯೋಗಳನ್ನು ದಿನಾ ಊಟದ ಹೊತ್ತಿನಲ್ಲಿ ನೋಡತೊಡಗಿದರು. ಸ್ಟೂಲಿನ ಮೇಲೆ ಕೂತು ಅತ್ತ ಒಂದೊಂದು ಮುಖವನ್ನೂ ನಿಲ್ಲಿಸಿ ನಿಲ್ಲಿಸಿ ನೋಡುವರು. ಹೆಸರು ಸಿಗುವುದಿಲ್ಲ, ಆದರೆ ಅಂಗಿಯ ಮೇಲಿನ ಲಾಂಛನವೋ ಹಿಂದಿನ ಗೋಡೆಯೋ ಏನೋ ಒಂದು ಸಿಗುತ್ತದೆ. ಮೊದಲು ಸಿಕ್ಕವಳು ಯಶಿಕಾ. ಅವಳ ವಿಡಿಯೋದ ಕೊನೆಯ ತುಣುಕಿನಲ್ಲಿ, 'ಈಗ ನೋಡಿ ಎಷ್ಟು ಖುಷಿಯಾಗಿದ್ದಾಳೆ' ಎಂಬ ಕಡೆ, ಹಿಂದೆ ಒಂದು ಅಂಗಡಿಯ ಫಲಕ ಅರ್ಧ ಕಾಣುತ್ತಿತ್ತು. ಇತವಾರಿಯ ಬೀಗ, ತಿರುಪು, ಚಿಲಕಗಳ ಸಗಟು ಅಂಗಡಿ.

ಶನಿವಾರ ಇಬ್ಬರೂ ಹೋದೆವು. ಕೈಗಾಡಿಗಳ ನಡುವೆ ಟೆಂಪೋ ಸಿಕ್ಕಿಕೊಂಡು, ಬೀದಿಯ ಉದ್ದಕ್ಕೂ ಹಾರನ್ನು. ಅಂಗಡಿಯ ಗಲ್ಲಾದ ಹಿಂದೆ ಅವಳೇ ಕೂತಿದ್ದಳು, ಇಪ್ಪತ್ತರ ಹುಡುಗಿ. ತಂದೆ ಒಳಗಿನ ಗೋದಾಮಿನಲ್ಲಿದ್ದರು. ಕಲಾವತಿ ಒಂದು ಬೀಗ ತೋರಿಸೆಂದರು. ಅವಳು ತೋರಿಸಿದಳು. ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಸಣ್ಣ ದನಿಯಲ್ಲಿ ಪ್ರೀತಮ್‌ನ ಹೆಸರು ಹೇಳಿದರು.

ಹುಡುಗಿ ಗೋದಾಮಿನ ಬಾಗಿಲ ಕಡೆ ನೋಡಿದಳು. "ಆಂಟಿ, ಹೋಗಿ ಪ್ಲೀಸ್. ಪಪ್ಪನಿಗೆ ಗೊತ್ತಿಲ್ಲ," ಎಂದಳು ಹಿಂದಿಯಲ್ಲಿ. ಆಮೇಲೆ ಬೀಗಕ್ಕೆ ಕೈ ಚಾಚುತ್ತ, "ನೀವೂ ನನಗೆ ಸಹಾಯ ಮಾಡೋಕೆ ಬಂದಿದೀರಾ? ಆ ವಿಡಿಯೋ ನೋಡಿದವರೆಲ್ಲ ಸಹಾಯ ಮಾಡ್ತೀನಿ ಅಂತಾರೆ. ನನಗೆ ಯಾರ ಸಹಾಯವೂ ಬೇಡ."

ಕಲಾವತಿಯ ಹಿಂದಿಗೂ ಇಂಡಿ ಕಡೆಯದೇ ಧಾಟಿ. "ನಿನ್ನ ಒಳ್ಳೇದಕ್ಕ ನಾ ಬಂದಿಲ್ಲವಾ," ಎಂದರು. "ನಿನ್ನ ಒಳ್ಳೇದು ಕೆಟ್ಟದ್ದು ನಿನಗ ಬಿಟ್ಟದ್ದು. ನನಗ ಅಂವನ ಕೆಟ್ಟದ್ದು ಬೇಕಾಗೇತಿ. ನನ್ನ ಮಗನ್ನೂ ಆ ಸ್ಟೂಲಿನ ಮ್ಯಾಲ ಕುಂದರಿಸ್ಯಾನ. ಅಂವನ್ನ ನಾನೂ ಕುಂದರಿಸ್ತೀನಿ. ಬರೂದಿದ್ರ ನಾಳಿ ಬಾ."

ಯಶಿಕಾ ಅವರನ್ನೇ ನೋಡಿದಳು. ಕನಿಕರವಿಲ್ಲದ ಮುಖವನ್ನು ಅವಳು ಬಹಳ ದಿನದ ಮೇಲೆ ನೋಡಿದ್ದಿರಬೇಕು. "ಎಲ್ಲಿಗೆ?" ಎಂದಳು.

ಮೊದಲ ಭಾನುವಾರ ಸೆಮಿನರಿ ಹಿಲ್ಸ್ ಬದಿಯ ಕಲಾವತಿಯ ಕ್ವಾರ್ಟರ್ಸಿಗೆ ಯಶಿಕಾ ಬಂದಳು. ಮುಂದಿನ ವಾರ ಗೋವಿಂದ ಬಂದ. ಅವನು ಕಳಮೇಶ್ವರದ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಕಲಿಯುತ್ತಿದ್ದವನು. ಊರಿಂದ ಬಂದು, ಪಾಳಿ ಬೇರೆ ಬೇರೆಯಾದ್ದರಿಂದ ಒಂದೇ ಕೋಣೆಯ ಜೊತೆಗಾರರನ್ನೂ ನಿದ್ದೆಯಲ್ಲೇ ನೋಡಿದವನು. ಅವನ ಅಂಗಿಯ ಮೇಲಿನ ಕಾರ್ಖಾನೆಯ ಹೆಸರು ನೋಡಿ ಕಲಾವತಿ ಗೇಟಿನ ಬಳಿ ಕಾದು ಹಿಡಿದಿದ್ದರು. ಆಮೇಲೆ ಮತ್ತಿಬ್ಬರು ಬಂದರು.

ಬಂದವರು ಹಾಲ್‌ನ ನಾಲ್ಕು ಮೂಲೆ ಹಿಡಿದು ಮೊಬೈಲ್ ನೋಡುತ್ತ ಕೂತರು. ಕೂಲರಿನ ಸದ್ದು ಮಾತ್ರ. ಕಲಾವತಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರ ಮುಂದೆ ಇಟ್ಟು, ನೇರವಾಗಿ ವಿಷಯಕ್ಕೆ ಬಂದರು. "ಅಂವಗ ಯಾವುದು ಭಾಳ ನೋವಾಗತೈತಿ? ನೀವು ಮೂರ ದಿನಾ ಅಂವನ ಕೂಡ ಇದ್ದೀರಿ. ಹೇಳ್ರಿ."

ಗೋವಿಂದ ತಟ್ಟೆ ನೋಡುತ್ತ ಹೇಳಿದ, "ಅವನಿಗೆ ತನ್ನ ನಗು ಬಹಳ ಇಷ್ಟ ಕಾಕೂ. ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡ್ತಾನೆ."

"ಹ್ಯಾಂಗ?"

ಗೋವಿಂದ ತಲೆ ಎತ್ತಿ, ಕತ್ತು ಸ್ವಲ್ಪ ಓರೆ ಮಾಡಿ, ಕೈಗಳನ್ನು ಎದೆಯ ಮೇಲೆ ಜೋಡಿಸಿ, "ಬೋಲೋ ಮೇರೇ ಬಚ್ಚೇ, ದರ್ದ್ ಕಹಾಂ ಹೈ," ಎಂದ. ಹೇಳು ಮಗೂ, ನೋವು ಎಲ್ಲಿದೆ. ಕಣ್ಣು ಮುಚ್ಚಿದರೆ ಪ್ರೀತಮ್‌ನೇ. ಯಶಿಕಾ ನೀರು ಕುಡಿಯುತ್ತಿದ್ದವಳು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದಳು. ಎಲ್ಲರೂ ನಕ್ಕರು. ಇನ್ನೊಮ್ಮೆ ಮಾಡು ಎಂದರು. ಅವನು ಪ್ರೀತಮ್ ಫೋನಿನಲ್ಲಿ ಮಾತಾಡುವುದನ್ನು ಮಾಡಿದ, ಕೂದಲು ಸರಿಮಾಡಿಕೊಳ್ಳುವುದನ್ನು ಮಾಡಿದ. ಆಗ ಒಳಗಿನ ಕೋಣೆಯ ಬಾಗಿಲು ತೆರೆದದ್ದನ್ನು ನಾನು ನೋಡಿದೆ. ಸಮರ್ಥ್ ಚೌಕಟ್ಟಿಗೆ ಒರಗಿ ನಿಂತಿದ್ದ. ಗಡ್ಡ ಬೆಳೆದಿತ್ತು. "ಎಡಗಣ್ಣು ಸ್ವಲ್ಪ ಚಿಕ್ಕದು ಮಾಡಬೇಕು," ಎಂದ ಗೋವಿಂದನಿಗೆ.

ಗೋವಿಂದ ಮಾಡಿದ. "ಬರೋಬರ್," ಎಂದ ಸಮರ್ಥ್, ಬಂದು ಅವನ ಪಕ್ಕ ಕೂತ.

ಕಲಾವತಿ ಮಗನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಮತ್ತೆ ಒಳಗೆ ಹೋಗಿಬಿಡುತ್ತಾನೆಂದು ಹೆದರಿದ್ದರು ಅಂತ ನಾನು ಅಂದುಕೊಂಡೆ. ಕೇಳಿದ್ದಕ್ಕೆ, "ನನಗ ಆವಾಗ ಪ್ರೀತಮಂದ ವಿಚಾರ ನಡದಿತ್ತು," ಎಂದರು.

ಅಧಿಕಾರಿ ಹೇಳಿದ ನಾಲ್ಕು ಜನ ಸಿಕ್ಕಿದ್ದರು, ಆದರೆ ಕಲಾವತಿಗೆ ಅದು ಸಾಲದು, ಇನ್ನೂ ಜನ ಬೇಕಾಗಿತ್ತು. ಕಲಾವತಿ ಕೆಲಸ ಹಂಚಿದರು. ಒಬ್ಬೊಬ್ಬರೇ ಹೋದರೆ ಎದುರಿನವರು ಮಾತಿಗೆ ಸಿಗುವುದಿಲ್ಲ, ಇಬ್ಬಿಬ್ಬರು ಹೋಗಿ ಎಂದರು. ಸಮರ್ಥ್ ಗೋವಿಂದನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಮ್ಠಿಗೆ ಹೋದ, ಹಿಂಗಣಾ ಕಡೆ ಹೋದ. ಯಶಿಕಾ ಇನ್ನೊಬ್ಬ ಹುಡುಗಿಯ ಜೊತೆ ಹಾಸ್ಟೆಲುಗಳನ್ನು ಸುತ್ತಿದಳು. ಮೇ ತಿಂಗಳ ಬಿಸಿಲು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ತಿರುಗಬೇಕು. ಸ್ಕೂಟರ್ ಪಂಕ್ಚರ್ ಆಗುತ್ತಿತ್ತು, ವಿಳಾಸ ತಪ್ಪುತ್ತಿತ್ತು, ರಸ್ತೆ ಬದಿಯಲ್ಲಿ ನಿಂತು ಸಾರು ಸುರಿದ ಅವಲಕ್ಕಿ, ಅಲ್ಲಿನ ತರ್ರಿ ಪೋಹಾ, ತಿಂದು ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದರು. ಬಂದು ಕಲಾವತಿಗೆ ವರದಿ ಒಪ್ಪಿಸುವಾಗ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಹೇಳುತ್ತಿದ್ದರು. ಕಲಾವತಿಗೆ ಬೇಕಾಗಿದ್ದದ್ದು ಒಂದೇ, ಇವತ್ತು ಎಷ್ಟು ಜನ ಒಪ್ಪಿದರು ಎಂಬುದು. ಸಮರ್ಥ್ ಗಡ್ಡ ಬೋಳಿಸಿದ್ದು, ಊಟದ ತಟ್ಟೆ ಬಾಗಿಲ ಹೊರಗೆ ಇಡುವುದು ನಿಂತದ್ದು, ಗೋವಿಂದ ಶನಿವಾರವೇ ಬಂದು ಇವರ ಮನೆಯಲ್ಲೇ ಮಲಗತೊಡಗಿದ್ದು, ಇವನ್ನೆಲ್ಲ ಗಮನಿಸಿದವಳು ನಾನು.

ಒಬ್ಬ ಹುಡುಗ ಮಾತ್ರ ಬಾಗಿಲು ತೆರೆಯಲೇ ಇಲ್ಲ. ಯಶಿಕಾ ಎರಡು ಸಲ ಹೋಗಿ ಬಂದಳು. ಅವನು ಊರು ಬಿಟ್ಟು ಅಜ್ಜಿಯ ಮನೆಗೆ ಹೋದನೆಂದು ಆಮೇಲೆ ಗೊತ್ತಾಯಿತು. ಆ ದಿನ ಕಲಾವತಿ ಊಟ ಮಾಡಲಿಲ್ಲ. "ಇದನ್ನೂ ಆ ಪ್ರೀತಮನ ತಲಿಗೆ ಹಚ್ಚಬೇಕು," ಎಂದಷ್ಟೇ ಹೇಳಿದರು.

ಜೂನಿನಲ್ಲಿ, ಕಾಲೇಜುಗಳ ಪ್ರವೇಶ ಶುರುವಾಗುವ ಹೊತ್ತಿಗೆ, ಪ್ರೀತಮ್ ಒಂದು ದೊಡ್ಡ ಸಭಾಂಗಣದಲ್ಲಿ ಉಚಿತ ಕಾರ್ಯಕ್ರಮ ಇಟ್ಟುಕೊಂಡ. ಬೇರೆ ಊರುಗಳಿಂದ ನಾಗಪುರಕ್ಕೆ ಮಕ್ಕಳನ್ನು ಸೇರಿಸಲು ಬಂದ ತಂದೆ ತಾಯಂದಿರೇ ಅದರ ಗುರಿ. ಕಲಾವತಿ ಆ ದಿನಕ್ಕಾಗಿ ಕಾಯುತ್ತಿದ್ದರು. ಅವರ ಯೋಜನೆ ಪ್ರಕಾರ ಮಕ್ಕಳು ವೇದಿಕೆಗೆ ಹೋಗಿ ಅವನನ್ನು ಪ್ರಶ್ನಿಸಬೇಕು, ತಾವು ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಬೇಕು.

"ವಿಡಿಯೋ ಬೇಡ ಕಾಕೂ," ಎಂದಳು ಯಶಿಕಾ ಹಿಂದಿನ ಭಾನುವಾರ.

"ಯಾಕ? ಅಂವ ಹಾಕಿಲ್ಲೇನು?"

"ಅದರಲ್ಲಿ ನನ್ನ ಮುಖವೂ ಬರುತ್ತೆ. ಇನ್ನೊಂದು ವಿಡಿಯೋದಲ್ಲಿ ನಾನು ಇರಲ್ಲ."

ಕಲಾವತಿ ವಾದ ಮಾಡಿದರು. ಸಮರ್ಥ್ ಕೂಡ ಯಶಿಕಾಳ ಕಡೆಗೆ ನಿಂತ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ನಾವು ಹೇಗೂ ಅವನ ಕಡೆ ಮುಖ ಮಾಡಿ ನಿಲ್ಲುತ್ತೇವೆ, ಸಭೆಗೆ ನಮ್ಮ ಬೆನ್ನು. ಸಭೆಯವರು ಏನು ಹಿಡಿದರೂ ಕಾಣುವುದು ಅವನ ಮುಖ ಒಂದೇ. ಕಲಾವತಿ ಆ ಹುಡುಗಿಯನ್ನು ಒಂದು ಕ್ಷಣ ದಿಟ್ಟಿಸಿದರು. "ಶಾಣ್ಯಾ ಇದ್ದಿ," ಎಂದರು. ಅವರ ಬಾಯಿಂದ ಜಾಣೆ ಎಂಬ ಮಾತು ನಾನು ಮೊದಲ ಸಲ ಕೇಳಿದ್ದು.

ಸಭಾಂಗಣ ತುಂಬಿತ್ತು. ನಾವಿಬ್ಬರೂ ಕೊನೆಯ ಸಾಲಿನಲ್ಲಿ, ಮಕ್ಕಳು ಮುಂದಿನ ಸಾಲಿನಲ್ಲಿ. ಪ್ರೀತಮ್ ಬಂದ, ಕತ್ತು ಓರೆ ಮಾಡಿ ನಕ್ಕ. ವೇದಿಕೆಯ ನಡುವೆ ಅದೇ ಸ್ಟೂಲು. ಅರ್ಧ ಗಂಟೆ ಮಾತಾಡಿ, "ಇಲ್ಲಿ ಯಾರಾದರೂ ಒಂಟಿ ಇದ್ದೀರಾ? ಧೈರ್ಯ ಮಾಡಿ ಮೇಲೆ ಬನ್ನಿ," ಎಂದು ಕರೆದ.

ಯಶಿಕಾ ಎದ್ದಳು. ಅವಳ ಹಿಂದೆ ಗೋವಿಂದ, ಸಮರ್ಥ್, ಆಮೇಲೆ ಒಬ್ಬೊಬ್ಬರಾಗಿ ಇಡೀ ಸಾಲು ಮೆಟ್ಟಿಲು ಹತ್ತಿತು. ಪ್ರೀತಮ್ ಮೊದಲು ಹಿಗ್ಗಿದ. ಹತ್ತಿರ ಬಂದ ಮುಖಗಳನ್ನು ಗುರುತಿಸಿದಾಗ ಅವನ ನಗು ಅಲ್ಲೇ ನಿಂತಿತು. ಅವರು ಸಭೆಗೆ ಬೆನ್ನು ಮಾಡಿ ಅವನ ಸುತ್ತ ಅರ್ಧ ವೃತ್ತವಾಗಿ ನಿಂತರು.

"ಸರ್, ನಾವೆಲ್ಲ ನಿಮ್ಮ ಹಳೆಯ ವಿದ್ಯಾರ್ಥಿಗಳು," ಎಂದಳು ಯಶಿಕಾ, ಮೈಕಿನಲ್ಲಿ. "ಇವತ್ತು ನೀವು ಕೂತುಕೊಳ್ಳಿ."

ಇಷ್ಟು ತಂದೆ ತಾಯಂದಿರ ಮುಂದೆ ಆಗದು ಎನ್ನುವಂತಿರಲಿಲ್ಲ. ಅವನು ತಮಾಷೆಯಂತೆ ಕೈ ಅಗಲಿಸಿ ಸ್ಟೂಲಿನ ಮೇಲೆ ಕೂತ. ಯಶಿಕಾ ಪೋಷಕರಿಗೆ, ಅವರ ಕಡೆ ತಿರುಗದೆಯೇ, ತನ್ನ ವಿಡಿಯೋ ಬಂದ ಮೇಲೆ ಅಪ್ಪ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಮುಂದೆ ಹುಡುಗರು ನಿಂತು ಏನು ಕೂಗುತ್ತಿದ್ದರು ಎಂದು ಹೇಳಿದಳು. ಇನ್ನೊಬ್ಬ ಹುಡುಗಿ ತನ್ನ ಮದುವೆಯ ಮಾತು ಮುರಿದದ್ದನ್ನು ಹೇಳಿದಳು. ಅಷ್ಟರಲ್ಲಿ ಯಾರೋ ಮೈಕ್ ಆರಿಸಿದರು. ಯಂತ್ರಗಳ ಸದ್ದಿನ ನಡುವೆ ಕೂಗಿ ಅಭ್ಯಾಸವಿದ್ದ ಗೋವಿಂದನಿಗೆ ಮೈಕ್ ಬೇಕಿರಲಿಲ್ಲ. ಅವನು ಪ್ರೀತಮ್‌ನದೇ ದನಿಯಲ್ಲಿ ಕೇಳಿದ, "ಬೋಲೋ ಮೇರೇ ಬಚ್ಚೇ, ದರ್ದ್ ಕಹಾಂ ಹೈ?"

ಸಭೆಯಲ್ಲಿ ನಗೆ ಎದ್ದಿತು. ನೂರಾರು ಮೊಬೈಲುಗಳು ಎದ್ದವು.

ಕೊನೆಗೆ ಸಮರ್ಥ್ ಕೇಳಿದ. ಅವನ ದನಿ ಹಿಂದಿನ ಸಾಲಿಗೂ ಕೇಳಿಸಿತು. "ಸರ್, ನಿಮಗೆ ಎಷ್ಟು ಜನ ಗೆಳೆಯರಿದ್ದಾರೆ? ಒಬ್ಬರ ಹೆಸರು ಹೇಳಿ."

ಪ್ರೀತಮ್ ಬಾಯಿ ತೆರೆದ. ವೇದಿಕೆಯ ಬದಿಯಲ್ಲಿ ನಿಂತಿದ್ದ ತನ್ನ ಸಹಾಯಕರ ಕಡೆ ನೋಡಿದ. ಅವರಲ್ಲೊಬ್ಬ ತಲೆ ತಗ್ಗಿಸಿದ, ಇನ್ನೊಬ್ಬ ಪರದೆಯ ಹಿಂದೆ ಸರಿದ. ಅವನು ಏನೋ ಹೇಳಲು ಹೋಗಿ, ಮತ್ತೆ ಆ ನಗು ತಂದುಕೊಳ್ಳಲು ನೋಡಿದ. ಅದು ಬರಲಿಲ್ಲ. ನನ್ನ ಪಕ್ಕದಲ್ಲಿ ಕಲಾವತಿ ಮುಂದಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಹಬ್ಬದೂಟ ಮಾಡುವವರ ತೃಪ್ತಿ ಅವರ ಮುಖದಲ್ಲಿತ್ತು. ನನಗೆ ಸ್ವಲ್ಪ ಭಯವೇ ಆಯಿತು.

ಆ ದೃಶ್ಯ ಸಂಜೆಯೊಳಗೆ ಊರೆಲ್ಲ ಹರಡಿತು. ಹಂಚಿದವರು ಪೋಷಕರೇ. ಎಲ್ಲದರಲ್ಲೂ ಇದ್ದದ್ದು ಸಾಲು ಬೆನ್ನುಗಳು, ಅವುಗಳ ನಡುವೆ ಸ್ಟೂಲಿನ ಮೇಲೆ ಬಾಯಿ ತೆರೆದು ಕೂತ ಪ್ರೀತಮ್‌ನ ಮುಖ. ಅವನ ಮುಂದಿನ ಶಿಬಿರಗಳಿಗೆ ಜನ ಬರಲಿಲ್ಲ. ಹಾಲ್‌ನ ಮಾಲೀಕರು ಜಾಗ ಬಿಡಿಸಿಕೊಂಡರು. ಹಳೆಯ ವಿಡಿಯೋಗಳನ್ನು ಅವನೇ ತೆಗೆದ. ಆದರೆ ಅಷ್ಟರಲ್ಲಿ ಕಲಾವತಿ ಮಕ್ಕಳ ಸಹಿ ಹಾಕಿಸಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಾಗಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಪ್ರೀತಮ್ ಅವರ ಕ್ವಾರ್ಟರ್ಸಿಗೇ ಬಂದ. ಮಣಿಸರ ಇರಲಿಲ್ಲ, ಅಂಗಿ ಮಾಸಿತ್ತು. ನಾನು ಅಲ್ಲೇ ಇದ್ದೆ. ಕಲಾವತಿ ಬಾಗಿಲು ತೆರೆದು, ಕೂರಿಸಿ, ನೀರು ಕೊಟ್ಟರು. ಚಹಾ ಕೊಡಲಿಲ್ಲ.

"ಕಾಕೂ, ಎಲ್ಲ ಹೋಯ್ತು," ಎಂದ. "ದೂರು ವಾಪಸ್ ತಗೊಳ್ಳಿ. ನಾನು ತಪ್ಪು ಮಾಡಿದೆ, ಒಪ್ಪಿಕೊಳ್ತೀನಿ. ಹೊರಗೆ ಹೋದರೆ ಜನ ಗುರುತು ಹಿಡಿದು ನಗ್ತಾರೆ. ದಿನಾ ಫೋನ್ ಮಾಡ್ತಿದ್ದವರು ಒಬ್ಬರೂ ಈಗ ಫೋನ್ ಎತ್ತಲ್ಲ. ಮಾತಾಡೋಕೆ ಒಬ್ಬರೂ ಇಲ್ಲ."

ಕಲಾವತಿ ಅವನ ಮಾತು ಪೂರ್ತಿ ಮುಗಿಯಲು ಬಿಟ್ಟರು. ಮುಗಿದ ಮೇಲೆ ಖಾಲಿ ಲೋಟ ತೆಗೆದುಕೊಂಡು ಎದ್ದರು.

"ಒಂಟಿತನ ಬಿಡಸೋ ಶಿಬಿರ ಎಲ್ಲರೆ ನಡದಿರತಾವು. ಸೇರಕೋರಿ," ಎಂದರು. "ಮೂರ ದಿನದಾಗ ಚಲೋ ಆಗ್ತೈತಂತ."

ಅವನು ಹೋದ ಮೇಲೆ ನಾನು, "ಪಾಪ ಅನ್ನಿಸಲಿಲ್ಲವಾ?" ಎಂದೆ.

"ಅನಸ್ತು," ಎಂದರು ಲೋಟ ತೊಳೆಯುತ್ತ. "ಅನಸ್ಲಿ ಅಂತನ ಇಷ್ಟೆಲ್ಲಾ ಮಾಡಿದ್ದಲ್ಲ? ಅಂವ ಪಾಪ ಅನಸೂ ಹಂಗ ಆಗಬೇಕಿತ್ತು."

ತೊಂದರೆ ಶುರುವಾದದ್ದು ಆಮೇಲೆ. ಮಕ್ಕಳು ಭಾನುವಾರ ಬರುವುದನ್ನು ಬಿಡಲಿಲ್ಲ, ಆದರೆ ಪ್ರೀತಮ್‌ನನ್ನು ಬಿಟ್ಟರು. ಅವನ ಮಾತೇ ಇಲ್ಲ. ಗೋವಿಂದನ ನಕಲಿಗೂ ಬೇರೆ ಬೇರೆ ಜನ ಸಿಕ್ಕಿದರು, ಕಾರ್ಖಾನೆಯ ಸೂಪರ್‌ವೈಸರ್, ಯಶಿಕಾಳ ಅಪ್ಪ, ಒಂದು ದಿನ ಕಲಾವತಿಯವರೇ. ಸಮರ್ಥ್ ಕಾಲೇಜಿಗೆ ಮರಳಿದ. ಹಿಂದಿನ ಬೆಂಚಿನವರು ಇನ್ನೂ ಪಿಟೀಲಿನ ರಾಗ ಹಾಡುತ್ತಿದ್ದರಂತೆ, ಅವನು ಗೋವಿಂದನಿಂದ ಬಾಯಲ್ಲೇ ತಬಲಾ ನುಡಿಸುವುದನ್ನು ಕಲಿತು ಹೋಗಿ ಅದಕ್ಕೆ ಜೊತೆ ಕೊಟ್ಟ. ಒಂದು ವಾರದಲ್ಲಿ ಅವರು ಬೇಸತ್ತು ನಿಲ್ಲಿಸಿದರು.

ಕಲಾವತಿ ಒಂದು ಭಾನುವಾರ, "ಬುಧವಾರ ಆಯೋಗದಾಗ ತಾರೀಖ ಐತಿ, ಯಾರ್ಯಾರ ಬರ್ತೀರಿ?" ಎಂದು ಕೇಳಿದರು. ಮಕ್ಕಳು ರಾಮಟೇಕಕ್ಕೆ ಹೋಗುವ ಬಸ್ಸಿನ ಬಗ್ಗೆ ಜಗಳವಾಡುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಅವರು ಮತ್ತೆ ಕೇಳಿದರು.

"ಅವ್ವಾ, ಸಾಕ್ ಮಾಡ," ಎಂದ ಸಮರ್ಥ್. "ಅಂವ ಮುಗದ ಹೋದ."

"ನಿನಗ ಮುಗದಿರಬೇಕು. ನನಗ ಮುಗದಿಲ್ಲ."

ಬುಧವಾರ ಅವರು ನನ್ನನ್ನು ಕರೆದುಕೊಂಡು ಹೋದರು. ಪ್ರೀತಮ್ ಬಂದಿರಲಿಲ್ಲ, ವಕೀಲನೂ ಬಂದಿರಲಿಲ್ಲ. ಮುಂದಿನ ತಾರೀಖಿಗೂ ಹೋದೆವು, ಆಗಲೂ ಎದುರಿನ ಕುರ್ಚಿ ಖಾಲಿ. ಚಳಿಗಾಲದಲ್ಲಿ ತೀರ್ಪು ಬಂತು, ಇವರ ಪರವಾಗಿ. ಲಿಖಿತ ಕ್ಷಮಾಪಣೆ ಕೊಡಬೇಕು, ಇನ್ನು ಮುಂದೆ ಯಾರನ್ನೂ ಹಾಗೆ ಚಿತ್ರೀಕರಿಸಬಾರದು ಎಂದು. ಹೊರಗೆ ಬಂದು ಕಲಾವತಿ ಕಟ್ಟೆಯ ಮೇಲೆ ಕೂತರು. ಗೆದ್ದವರ ಹಾಗೆ ಕಾಣಲಿಲ್ಲ. "ಅಂವ ಬಂದ ನಿಂತ ಕೇಳಿದ್ರ ಛಂದ ಇತ್ತು," ಎಂದರು. ನಾನು ಕಿತ್ತಳೆ ಬರ್ಫಿ ಕೊಡಿಸಿದೆ. ಅದನ್ನು ತಿನ್ನುತ್ತ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದನೆಂದು ಗೊಣಗಿದರು.

ಅವರ ಮನೆಯ ಭಾನುವಾರದ ಸುದ್ದಿ ಅಷ್ಟು ಹೊತ್ತಿಗೆ ಹೊರಗೆ ಹರಡಿತ್ತು. ಒಂಟಿ ಮಕ್ಕಳಿಗೆ ಆಸರೆಯಾದ ತಾಯಿ ಎಂದು ಬರೆಯಲು ಒಬ್ಬ ಪತ್ರಕರ್ತ ಬಂದ. ಕಲಾವತಿ ಅವನಿಗೆ, "ಮಮತಾ ಗಿಮತಾ ಬರೀಬ್ಯಾಡ್ರಿ. ಸಿಟ್ಟಿಗೆ ಮಾಡೇನಿ, ಹಂಗ ಬರೀರಿ," ಎಂದರು. ಅವನು ಬರೆಯಲೇ ಇಲ್ಲ.

ಆದರೂ ಜನ ಬಂದರು. ಹೊಸ ವರ್ಷದ ಮೊದಲ ಭಾನುವಾರ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ನಮಿತಾ. ಅಪ್ಪ ವಾಯುಪಡೆಯವರು, ಬೆಂಗಳೂರಿನಿಂದ ವರ್ಗವಾಗಿ ಬಂದು ಮೂರು ತಿಂಗಳು. ಒಳಗಿಂದ ಮಕ್ಕಳ ಗಲಾಟೆ ಕೇಳಿ ಅವಳು ಹೆಜ್ಜೆ ಹಿಂದಿಟ್ಟಿದ್ದಳು.

ಕಲಾವತಿ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಬಂದರು. ಬಂದವರನ್ನೆಲ್ಲ ಕೇಳುವ ಮೊದಲ ಪ್ರಶ್ನೆ ಅವಳಿಗೂ ಕೇಳಿದರು. "ಯಾರ್ ಏನ್ ಮಾಡ್ಯಾರ ನಿನಗ?"

"ಯಾರೂ ಏನೂ ಮಾಡಿಲ್ಲ ಆಂಟಿ," ಎಂದಳು ಹುಡುಗಿ. "ಸುಮ್ಮನೆ ಯಾರೂ ಮಾತಾಡಿಸಲ್ಲ, ಅಷ್ಟೇ."

ಕಲಾವತಿ ಪೇಚಿಗೆ ಬಿದ್ದರು. ಸೇಡು ತೀರಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಅಡ್ಡವಾಗಿ, ಹುಬ್ಬು ಗಂಟಿಕ್ಕಿಕೊಂಡು ನಿಂತೇ ಇದ್ದರು. ಹುಡುಗಿ ಇನ್ನೇನು ತಿರುಗಿ ಹೋಗುತ್ತಾಳೆ ಎಂದು ನನಗೆ ಅನ್ನಿಸಿತು.

"ಯಾವ ಕಾಲೇಜು?" ಎಂದರು ಕೊನೆಗೆ.

ಅವಳು ಹೇಳಿದಳು.

"ನಿನ್ನ ಬಾಜೂ ಕುಂದರೂವಾಕಿ ಯಾರು? ಆಕಿ ಹೆಸರೇನು?"

"ಅವಳು ಒಳ್ಳೆಯವಳೇ ಆಂಟಿ. ನಿಜವಾಗ್ಲೂ ಯಾರೂ ಏನೂ ಮಾಡಿಲ್ಲ."

"ಮಾಡಿರ್ತಾರ," ಎಂದರು ಕಲಾವತಿ, ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತ. "ಮೊದಲ ಊಟಾ ಮಾಡ. ಆಮ್ಯಾಲ ನೆನಪ ಮಾಡ್ಕೊಂಡ ಹೇಳ."